ಬಾಯಿ ಬಿಡುವವರೆಗೆ ಬದುಕಿರಲಿ

ಚಿತ್ರದುರ್ಗದ ಸೆಷನ್ಸ್ ಕೋರ್ಟಿನಲ್ಲಿ ಸರ್ಕಾರಿ ವಕೀಲನಾಗಿದ್ದ ಅಷ್ಟೂ ವರ್ಷಗಳಲ್ಲಿ ಒಬ್ಬನಿಗೆ ಗಲ್ಲು ಕೇಳಲೇಬೇಕು ಎಂದು ನಾನು ಮನಸಾರೆ ತಯಾರಾದದ್ದು ಒಂದೇ ಸಲ. ವಾದ ಬಾಯಿಪಾಠವಾಗಿತ್ತು. ಕರಿಕೋಟನ್ನು ಹೊಸದಾಗಿ ಇಸ್ತ್ರಿ ಮಾಡಿಸಿಟ್ಟಿದ್ದೆ. "ಒಬ್ಬನನ್ನ ನೇಣಿಗೆ ಕಳಿಸೋಕೆ ಮದುವೆಗೆ ಹೊರಟಂಗೆ ಹೊರಟಿದೀರಲ್ಲ" ಎಂದು ನನ್ನ ಹೆಂಡತಿ ಆಡಿಕೊಂಡಳು. ನನಗೆ ಆಗ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಕೆಲವರು ಭೂಮಿಯ ಮೇಲೆ ಇರಬಾರದು ಎಂದು ನಾನು ಖಂಡಿತವಾಗಿ ನಂಬಿದ್ದವನು.

ತೊಂಬತ್ತರ ದಶಕದ ನಡುವಿನ ಮಾತು. ಹಿರಿಯೂರು ತಾಲ್ಲೂಕಿನಲ್ಲಿ, ಹೆದ್ದಾರಿಯಿಂದ ತುಸು ಒಳಗಿನ ಒಂದು ಹೊಲದಲ್ಲಿ ಅಪ್ಪ ಮಗ ಇಬ್ಬರು ಕುರಿ ತರುಬಿದ್ದರು. ನಮ್ಮ ಕಡೆ ಇದು ಮಾಮೂಲು. ಕೊಯ್ಲಾದ ಹೊಲದಲ್ಲಿ ರಾತ್ರಿಯೆಲ್ಲ ಮಂದೆ ಮಲಗಿದರೆ ಹಿಕ್ಕೆ, ಗಂಜಲ ಬಿದ್ದು ನೆಲಕ್ಕೆ ಗೊಬ್ಬರ. ಕುರಿಯವರಿಗೆ ಹೊಲದವರಿಂದ ಒಂದಷ್ಟು ಕಾಳು. ಬೆಳಗ್ಗೆ ಹೊಲದ ಯಜಮಾನ ಬಂದು ನೋಡಿದರೆ ಮಂದೆಯೇ ಇಲ್ಲ. ಅಪ್ಪ ಗಾಡಿದಾರಿಯ ಪಕ್ಕದಲ್ಲಿ ತಲೆಯೊಡೆದು ಸತ್ತು ಬಿದ್ದಿದ್ದ. ಮಗ ಕಾಣೆಯಾಗಿದ್ದ. ಇನ್ನೂ ಮೀಸೆ ಸರಿಯಾಗಿ ಮೂಡದ ಹುಡುಗ ಅವನು.

ಕೆಲವು ವಾರಗಳಾದ ಮೇಲೆ ದೂರದ ಒಂದು ಸಂತೆಯಲ್ಲಿ ಕುರಿಗಳು ಸಿಕ್ಕಿದವು. ಪ್ರತಿ ಕುರಿಯವರ ಮನೆಯೂ ತನ್ನ ಮರಿಗಳ ಕಿವಿಗೆ ತನ್ನದೇ ರೀತಿಯ ಕಚ್ಚು ಹಾಕುತ್ತದೆ. ಸತ್ತವನ ಹೆಂಡತಿ ಸಂತೆಯಲ್ಲಿ ನಿಂತು, ನೂರಾರು ಕುರಿಗಳ ನಡುವೆ ಕಿವಿ ಸವರಿ ಸವರಿ ತನ್ನವನ್ನೆಲ್ಲ ಬೇರೆ ಮಾಡಿ ತೋರಿಸಿದಳು. ಮಾರಿದವನ ಜಾಡು ಹಿಡಿದು ಹೋದ ಪೊಲೀಸರಿಗೆ ಹೊಸದುರ್ಗದ ಕಡೆಯ ಒಬ್ಬ ಲಾರಿ ಡ್ರೈವರ್ ಸಿಕ್ಕಿದ. ಚಿಕ್ಕಂದಿನಲ್ಲಿ ಅವನೂ ಕುರಿ ಕಾದವನೇ. ಅವನ ಲಾರಿಯ ಸೀಟಿನ ಕೆಳಗೆ ಹುಡುಗನ ಕಂಬಳಿ ಇತ್ತು; ಅದರ ಮೇಲಿನ ರಕ್ತ ಮನುಷ್ಯನದೇ ಎಂದು ವರದಿ ಬಂತು. ಜೊತೆಗಿದ್ದ ಕ್ಲೀನರ್ ಸಿಗುವ ಮೊದಲೇ ಇನ್ನೊಂದು ಲಾರಿಯ ಅಪಘಾತದಲ್ಲಿ ಸತ್ತುಹೋಗಿದ್ದ. ಹಾಗಾಗಿ ಆ ಹೊಲದಲ್ಲಿ ನಡೆದದ್ದನ್ನು ಬಲ್ಲವನು ಬದುಕಿದ್ದವರಲ್ಲಿ ಡ್ರೈವರ್ ಒಬ್ಬನೇ.

ಹುಡುಗನ ಹೆಣ ಮಾತ್ರ ಸಿಗಲಿಲ್ಲ. ತನಿಖೆ ಮಾಡಿದ ಇನ್ಸ್‌ಪೆಕ್ಟರ್ ಹುಡುಕಿದ್ದಕ್ಕೆ ಲೆಕ್ಕವಿಲ್ಲ. ಸುತ್ತಲಿನ ಹಾಳುಬಾವಿಗಳಿಗೆ ಜನ ಇಳಿಸಿದರು. ವೇದಾವತಿಯ ಮಡುಗಳಲ್ಲಿ ಬಲೆ ಎಳೆಸಿದರು. ಪೊಲೀಸ್ ನಾಯಿ ತಂದರೆ ಅದು ಹೊಲದ ತುಂಬ ಕುರಿಯ ವಾಸನೆಗೆ ದಿಕ್ಕು ತಪ್ಪಿ, ನಾಲ್ಕು ಸುತ್ತು ಸುತ್ತಿ ನಡುಹೊಲದಲ್ಲಿ ಕೂತುಬಿಟ್ಟಿತು. ಡ್ರೈವರ್ ಏನು ಮಾಡಿದರೂ ಬಾಯಿ ಬಿಡಲಿಲ್ಲ.

ಹೆಣವಿಲ್ಲದೆ ಕೊಲೆ ಸಾಬೀತು ಮಾಡುವುದು ಕಷ್ಟ, ಆದರೆ ಆಗದ್ದಲ್ಲ. ಎದುರು ವಕೀಲರು ಆ ತೂತಿನಲ್ಲೇ ಕೈ ಹಾಕಿದರು. ಮಗನೇ ಅಪ್ಪನನ್ನು ಕೊಂದಿದ್ದಾನೆ, ಕುರಿಗಳನ್ನು ನನ್ನ ಕಕ್ಷಿದಾರನಿಗೆ ಮಾರಿ ಓಡಿಹೋಗಿದ್ದಾನೆ ಎಂಬುದು ಅವರ ವಾದ. ತಾಯಿ ಕಟಕಟೆಯಲ್ಲಿ ನಿಂತಿದ್ದಾಗ ಅವಳ ಮುಖಕ್ಕೇ ಹಾಗೆಂದು ಪ್ರಶ್ನೆ ಹಾಕಿದರು. ಅವಳು ಅವರನ್ನೇ ನೋಡುತ್ತ ನಿಂತಳು. ನನಗೆ ಮೈಯೆಲ್ಲ ಉರಿಯಿತು. ಆದರೂ ಕಂಬಳಿ, ಕಿವಿಯ ಕಚ್ಚು, ಆ ರಾತ್ರಿ ಅವನ ಲಾರಿ ಕಂಡಿದ್ದ ಹೆದ್ದಾರಿಯ ಚಹಾದಂಗಡಿಯವನ ಸಾಕ್ಷಿ ಎಲ್ಲ ಒಂದಕ್ಕೊಂದು ಕೂಡಿ, ಎರಡೂ ಕೊಲೆಗಳಿಗೆ ಡ್ರೈವರ್ ತಪ್ಪಿತಸ್ಥ ಎಂದು ತೀರ್ಪಾಯಿತು. ಶಿಕ್ಷೆ ಎಷ್ಟು ಎಂಬುದರ ಮೇಲೆ ಎರಡೂ ಕಡೆಯವರನ್ನು ಬೇರೆಯಾಗಿ ಕೇಳಬೇಕು ಎಂದು ಕಾಯಿದೆ ಹೇಳುತ್ತದೆ. ನ್ಯಾಯಾಧೀಶರು ಅದನ್ನು ಮರುದಿನಕ್ಕೆ ಇಟ್ಟರು.

ಅಂದು ಸಂಜೆ ಆ ತಾಯಿ ತನ್ನ ಮೈದುನನನ್ನು ಕರೆದುಕೊಂಡು ನನ್ನ ಕಚೇರಿಗೆ ಬಂದಳು. ನಲವತ್ತರ ಆಸುಪಾಸಿನ ಹೆಂಗಸು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಸಾಮಿ, ನಾಳೀಕೆ ಅವನಿಗೆ ಏನಾಗ್ತೈತೆ?"

"ಗಲ್ಲು ಕೇಳ್ತೀನಿ ತಾಯಿ. ಹಾಕಿಸಿಯೇ ಹಾಕಿಸ್ತೀನಿ" ಎಂದೆ. ಕೈ ಮುಗಿಯುತ್ತಾಳೆ ಎಂದುಕೊಂಡಿದ್ದೆ.

"ಬ್ಯಾಡ ಸಾಮಿ. ಹಾಕಿಸಬ್ಯಾಡ್ರಿ."

ನನಗೆ ಅನುಮಾನ ಬಂತು. "ಯಾರಾದ್ರೂ ಬಂದು ಹೆದರಿಸಿದ್ರೇನಮ್ಮ?"

"ನನ್ನ ಯಾರು ಹೆದರಿಸ್ತಾರೆ? ಇನ್ನೇನೈತೆ ನಂತಾವ?"

"ಮತ್ತೆ? ನಿನ್ನ ಗಂಡನ್ನ, ಮಗನ್ನ ಕೊಂದೋನು ಅವನು."

"ಅದ್ಕೇ ಸಾಮಿ. ನನ್ ಮಗ ಎಲ್ಲವ್ನೆ ಅಂಬೋದು ಅವನೊಬ್ಬನಿಗೇ ಗೊತ್ತಿರಾದು. ಅವನ್ನ ನೇಣಿಗೆ ಹಾಕಿದ್ರೆ ಅದೂ ಅವನ ಜತೀಗೇ ಹೋಗ್ತೈತೆ. ಬಾಯಿ ಬಿಡೋತನಕ ಬದುಕಿರ್ಲಿ. ಆಮ್ಯಾಕೆ ಏನಾನ ಮಾಡ್ಕಳ್ರಿ."

ಮೈದುನ ಬಾಗಿಲ ಬಳಿ ನಿಂತವನು ಗಂಟಲು ಸರಿಮಾಡಿಕೊಂಡ. "ಅತ್ತಿಗೆ ಮಾತು ಬಿಡ್ರಿ ಸಾರ್. ಸತ್ತಿದ್ರೆ ಇಷ್ಟೊತ್ಗೆ ಹೆಣ ಸಿಗ್ತಿರ್ಲಿಲ್ವಾ? ಹಟ್ಟ್ಯಾಗೆಲ್ಲ ಒಂದೇ ಮಾತು. ಹುಡುಗನೇ ಆ ಡ್ರೈವರ್ ಜತೀಗೆ ಸೇರ್ಕಂಡು ಅಪ್ಪನ್ನ ಹೊಡ್ದು, ಕುರಿ ಮಾರ್ಕಂಡು ಎತ್ತಾಗೋ ಹೋದ ಅಂತ."

"ಈಗ ತಾನೇ ಕೋರ್ಟು ಹೇಳಿತಲ್ಲಯ್ಯ, ಅವನನ್ನೂ ಕೊಂದಿದ್ದಾರೆ ಅಂತ!"

"ಕೋರ್ಟು ದುರ್ಗದಾಗೆ ಹೇಳ್ತು ಸಾರ್. ಹಟ್ಟ್ಯಾಗೆ ಯಾರಿಗೆ ಕೇಳ್ತು?"

ಎದುರು ವಕೀಲರು ಕೇಸು ಗೆಲ್ಲಲು ಆಡಿದ ಮಾತು ಅವರ ಹಟ್ಟಿಯಲ್ಲಿ, ಕುರಿಯವರ ಆ ಕೇರಿಯಲ್ಲಿ, ನಿಜವೇ ಆಗಿ ಕೂತುಬಿಟ್ಟಿತ್ತು. ಅವಳು ನೀರಿಗೆ ಹೋದರೆ ಉಳಿದ ಹೆಂಗಸರು ಕೊಡ ಎತ್ತಿಕೊಂಡು ನಡೆಯುತ್ತಿದ್ದರು. ಮಾರ್ನಮಿಗೆ ಹಿರೀಕರಿಗೆ ಎಡೆ ಇಡುವಾಗ ಗಂಡನ ಹೆಸರಿಗೆ ಇಡಲು ಬಿಟ್ಟವರು, ಮಗನ ಹೆಸರಿಗೆ ಇಡಕೂಡದು ಎಂದಿದ್ದರಂತೆ. ಮಣ್ಣು ಕಾಣದವನಿಗೆ ಎಡೆ ಹೇಗೆ, ಅಪ್ಪನನ್ನು ತಿಂದವನಿಗೆ ಎಡೆ ಯಾಕೆ ಎಂದು ಕೇಳಿದವನು ಇದೇ ಮೈದುನ. ಅವನ ಎದುರೇ ಅವಳು ಇದನ್ನೆಲ್ಲ ಹೇಳಿದಳು. ಅವನು ತಲೆ ತಗ್ಗಿಸಲೂ ಇಲ್ಲ.

ನಾನು ರೇಗಿಬಿಟ್ಟೆ. ಇದು ಸರ್ಕಾರ ನಡೆಸುವ ಕೇಸು, ನೀನು ಇಲ್ಲಿ ಸಾಕ್ಷಿ ಮಾತ್ರ, ಶಿಕ್ಷೆ ಇಷ್ಟೇ ಇರಲಿ ಎನ್ನಲು ನಿನಗೆ ಹಕ್ಕಿಲ್ಲ ಎಂದೆ. ಜೀವಾವಧಿ ಎಂದರೆ ಸಾಯುವತನಕ ಅಂದುಕೊಳ್ಳಬೇಡ, ಹದಿನಾಲ್ಕು ವರ್ಷ ಕಳೆದ ಮೇಲೆ ಬಿಟ್ಟರೂ ಬಿಟ್ಟಾರು ಎಂದೂ ಹೇಳಿದೆ.

"ಅಷ್ಟ್ರಾಗೆ ಹೇಳ್ತಾನೆ ಬಿಡ್ರಿ" ಎಂದಳು. ಹಿರಿಯೂರಿನ ಕೊನೆಯ ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದಳು.

ಅವಳು ಹೋದ ಮೇಲೆ ಇನ್ಸ್‌ಪೆಕ್ಟರಿಗೆ ಫೋನು ಮಾಡಿದೆ. ಈಗಲಾದರೂ ಅವನ ಬಾಯಿ ಬಿಡಿಸಲು ದಾರಿ ಇದೆಯೇ ಎಂದು ಕೇಳಿದೆ. "ಬಿಡಲ್ಲ ಸಾರ್. ಬಿಟ್ಟ ದಿನ ಅವನು ಕೆಟ್ಟ" ಎಂದರು. ಆಗ ನನಗೆ ಹೊಳೆಯಿತು. ಅವನು ಹೆಣ ತೋರಿಸಿದ್ದರೆ ಅದೇ ಅವನ ವಿರುದ್ಧ ದೊಡ್ಡ ಸಾಕ್ಷಿಯಾಗುತ್ತಿತ್ತು. ಹೈಕೋರ್ಟಿನಲ್ಲೂ, ಅದರ ಮೇಲೂ ಅವನ ಅಪೀಲಿಗೆ ಉಳಿದಿದ್ದ ಆಧಾರ ಅದೊಂದೇ: ಹೆಣ ಎಲ್ಲಿ? ಆದ್ದರಿಂದ ಅಪೀಲುಗಳೆಲ್ಲ ಮುಗಿಯುವವರೆಗೆ ಅವನು ಮಾತಾಡುವುದಿಲ್ಲ. ಗಲ್ಲಾದರೆ ಅಪೀಲು, ಕ್ಷಮಾದಾನದ ಅರ್ಜಿ ಎಂದು ಕೊನೆಯ ಬಾಗಿಲು ಮುಚ್ಚುವ ಹೊತ್ತಿಗೆ ಹಗ್ಗವೇ ಬಂದಿರುತ್ತದೆ. ಮಾತಾಡಿದರೆ ಲಾಭ, ಸುಮ್ಮನಿದ್ದರೆ ನಷ್ಟ ಎಂಬ ಕಾಲ ಅವನಿಗೆ ಬರಬೇಕಾದರೆ ಅವನು ಜೈಲಿನಲ್ಲಿ ಜೀವಂತವಾಗಿರಬೇಕು. ನಾನು ಗಲ್ಲು ಕೇಳಿದರೆ ಆ ಹುಡುಗನನ್ನು ಎರಡನೆಯ ಸಲ ಹೂಳಿದಂತೆ.

ಬೆಳಗ್ಗೆ ವಕೀಲರ ಕೋಣೆಯಲ್ಲಿ ಎದುರು ವಕೀಲರೇ ಚಹಾ ಕೊಡಿಸಿದರು. "ಏನ್ರೀ, ಕೋಟು ಫಳಫಳ ಅಂತೈತೆ. ಹೆಣ ಇಲ್ಲದ ಕೇಸಿಗೆ ಗಲ್ಲು ಯಾರು ಕೊಡ್ತಾರ್ರೀ? ಸುಮ್ನೆ ಗಂಟಲು ಹರ್ಕಂಬೇಡಿ" ಎಂದು ನಕ್ಕರು. ಒಂದು ಹೆಣ ಸಿಕ್ಕಿದೆಯಲ್ಲ, ಅದು ಸಾಲದೇ ಎಂದು ನಾನೂ ನಕ್ಕೆ. ಒಳಗೆ ಮಾತ್ರ ಇನ್ನೂ ಏನೂ ತೀರ್ಮಾನವಾಗಿರಲಿಲ್ಲ.

ಕೋರ್ಟು ತುಂಬಿತ್ತು. ಹಟ್ಟಿಯವರು ಒಂದು ಲಾರಿ ಮಾಡಿಕೊಂಡು ಬಂದಿದ್ದರು. ನ್ಯಾಯಾಧೀಶರು ನನ್ನತ್ತ ನೋಡಿದರು. ನಾನು ಎದ್ದು ನಿಂತೆ. ಬಾಯಿಪಾಠ ಮಾಡಿದ್ದು ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ನುಂಗಿ, ಶಿಕ್ಷೆಯ ವಿಚಾರದಲ್ಲಿ ಸತ್ತವರ ಮನೆಯ ಹೆಂಗಸನ್ನು ಕೇಳಬೇಕೆಂದು ಪ್ರಾರ್ಥಿಸಿದೆ. ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿದರು. ನಾನು ಅವಳಿಂದ ಗಲ್ಲು ಕೇಳಿಸಲು ಹೊರಟಿದ್ದೇನೆ ಎಂದು ಅವರು ತಿಳಿದಿರಬೇಕು. ಎದುರು ವಕೀಲರೂ ಹಾಗೇ ತಿಳಿದು ತಕರಾರು ಎತ್ತಿದರು. ಸ್ವಲ್ಪ ಹೊತ್ತು ಚರ್ಚೆಯಾಗಿ, ಕೊನೆಗೆ ಅನುಮತಿ ಸಿಕ್ಕಿತು.

ಅವಳು ಕಟಕಟೆ ಹತ್ತಿ ನ್ಯಾಯಾಧೀಶರ ಕಡೆ ನೋಡಲೇ ಇಲ್ಲ. ನೇರವಾಗಿ ಅಪರಾಧಿಯ ಕಡೆ ತಿರುಗಿದಳು. "ನಿನ್ನ ನಾನು ಕ್ಷಮಿಸಿಲ್ಲ ಕಣಪ್ಪ. ನಿನ್ನ ಉಳುಸ್ರಿ ಅಂತ ಕೇಳಕ್ಕೆ ಬಂದೀನಿ. ನನ್ ಮಗನ್ನ ಎಲ್ಲಿಟ್ಟಿ? ಅದು ಹೇಳಾಕೆ ನೀನು ಬದುಕಿರು."

ತಕರಾರು ಎತ್ತಿದ್ದ ವಕೀಲರು ಮೆಲ್ಲಗೆ ಕೂತರು. ಕಾಯಿದೆಯಂತೆ ನ್ಯಾಯಾಧೀಶರು ಅಪರಾಧಿಯನ್ನೂ ಕೇಳಿದರು, ಶಿಕ್ಷೆಯ ಬಗ್ಗೆ ನೀನು ಏನಾದರೂ ಹೇಳುವುದಿದೆಯೇ ಎಂದು. ಅಲ್ಲಿಯವರೆಗೆ ನೆಲ ನೋಡುತ್ತಿದ್ದವನು ತಲೆ ಎತ್ತಿದ.

"ಆ ಹುಡುಗ ಬದುಕವ್ನೆ ಸಾಮಿ. ಎಲ್ಲೋ ಕೂಲಿ ಮಾಡ್ಕಂಡು ಚೆನ್ನಾಗವ್ನೆ. ನನ್ನ್ಯಾಕೆ ಕೇಳ್ತೀರಾ?"

ನಾನು ಎಷ್ಟೋ ಕೊಲೆಗಾರರನ್ನು ನೋಡಿದ್ದೇನೆ. ಅಷ್ಟು ಕ್ರೂರವಾದ ಮಾತು ಇನ್ನೊಂದು ಕೇಳಿಲ್ಲ. ಯಾಕೆಂದರೆ, ಆ ತಾಯಿಯ ಮುಖ ನೋಡಿದೆ. ಸುಳ್ಳು ಎಂದು ಗೊತ್ತಿದ್ದೂ ಅವಳ ಕಣ್ಣು ಅರಳಿತು. ಒಂದು ಗಳಿಗೆ ಅವಳು ನಂಬಿದಳು. ಮಗ ಬದುಕಿದ್ದರೆ ಸಾಕು, ಅಪ್ಪನನ್ನು ಕೊಂದವನೇ ಆಗಿರಲಿ ಎನ್ನುವಷ್ಟು ನಂಬಿದಳು. ಆಮೇಲೆ ಆ ಕಣ್ಣು ಹಾಗೇ ಆರಿಹೋಯಿತು. ಅಲ್ಲೇ ಕೈಯಾರೆ ಅವನ ಕತ್ತು ಹಿಸುಕಬೇಕು ಅನ್ನಿಸಿತು ನನಗೆ. ಗಲ್ಲು ಕೇಳಿಬಿಡೋಣವೇ ಎಂದು ಇನ್ನೊಮ್ಮೆ ಮನಸ್ಸು ಹಾರಿತು.

ನನ್ನ ಸರದಿ ಬಂದಾಗ ಎದ್ದು, "ಶಿಕ್ಷೆಯ ಪ್ರಮಾಣವನ್ನು ನ್ಯಾಯಾಲಯದ ವಿವೇಚನೆಗೆ ಬಿಡುತ್ತೇನೆ" ಎಂದಷ್ಟೇ ಹೇಳಿ ಕೂತೆ. ಮಧ್ಯಾಹ್ನ ಜೀವಾವಧಿ ಶಿಕ್ಷೆಯಾಯಿತು. ಹೊರಗೆ ಹಟ್ಟಿಯವರು ನನ್ನನ್ನು ಲಂಚ ತಿಂದವನನ್ನು ನೋಡುವ ಹಾಗೆ ನೋಡಿದರು. ಒಬ್ಬ ಮುದುಕ ಉಗುಳಿದ.

ಹೈಕೋರ್ಟಿನಲ್ಲಿ ಅಪೀಲು ವಜಾ ಆಯಿತು, ಅಲ್ಲಿಂದ ಮುಂದಿನದೂ ಆಯಿತು. ಅವನು ಬಳ್ಳಾರಿಯ ಜೈಲಿನಲ್ಲಿದ್ದ. ಅವಳು ವರ್ಷದಲ್ಲಿ ಮೂರು ನಾಲ್ಕು ಸಲ ಚಳ್ಳಕೆರೆ ಮೇಲಿನ ಬಸ್ಸು ಹಿಡಿದು ಹೋಗಿ ಜೈಲಿನ ಬಾಗಿಲಲ್ಲಿ ಕೂರುತ್ತಿದ್ದಳು. ಕೈದಿ ಒಲ್ಲೆ ಎಂದರೆ ಭೇಟಿ ಮಾಡಿಸುವಂತಿಲ್ಲ. ಅವನು ಪ್ರತಿ ಸಲ ಒಲ್ಲೆ ಎಂದ. ವಾಪಸು ದುರ್ಗದ ಮೇಲಿಂದ ಬಂದಾಗ ಕೆಲವೊಮ್ಮೆ ನನ್ನ ಮನೆಗೂ ಬರುತ್ತಿದ್ದಳು. ನಾನು ಅಷ್ಟು ಹೊತ್ತಿಗೆ ಸರ್ಕಾರಿ ವಕೀಲಿಕೆ ಬಿಟ್ಟು ಹೊಲ, ಮನೆಯ ತಂಟೆಗಳ ಕೇಸು ನಡೆಸುತ್ತಿದ್ದೆ. ನನ್ನ ಹೆಂಡತಿ ಊಟಕ್ಕೆ ಬಡಿಸಿದರೆ ತಲೆಬಾಗಿಸಿ ಉಣ್ಣುತ್ತಿದ್ದಳು. ಅವನು ಹೇಳಿದನೇ ಎಂದು ನಾನು ಕೇಳುತ್ತಿರಲಿಲ್ಲ, ಅವಳೂ ಹೇಳುತ್ತಿರಲಿಲ್ಲ.

ಎರಡು ಸಾವಿರದ ಇಸವಿ ಕಳೆದು ಎಷ್ಟೋ ವರ್ಷಗಳಾದ ಮೇಲೆ ಅವನ ಅವಧಿಪೂರ್ವ ಬಿಡುಗಡೆಯ ಕಡತ ಮೇಲೆದ್ದಿತು. ಹೀಗಿದ್ದಾಗ ಸತ್ತವರ ಮನೆಯವರ ಅಭಿಪ್ರಾಯ ಕೇಳಿ ಪೊಲೀಸರು ವರದಿ ಕಳಿಸಬೇಕು. ಸಬ್‌ಇನ್ಸ್‌ಪೆಕ್ಟರ್ ಹಟ್ಟಿಗೆ ಹೋಗಿ, ಅವನನ್ನು ಬಿಟ್ಟರೆ ನಿನ್ನ ತಕರಾರು ಇದೆಯಾ ಎಂದು ಅವಳನ್ನು ಕೇಳಿದರು. "ನನ್ ಮಗನ್ನ ತೋರುಸ್ಲಿ. ಆಮ್ಯಾಕೆ ಹೇಳ್ತೀನಿ" ಎಂದಳಂತೆ. ಆ ಮಾತು ವರದಿಯಾಗಿ ಜೈಲಿಗೆ ಹೋಯಿತು. ಇನ್ನು ಸುಮ್ಮನಿದ್ದರೆ ನಷ್ಟ ಎಂಬುದು ಅವನಿಗೂ ಅರ್ಥವಾಗಿರಬೇಕು. ಜಾಗ ತೋರಿಸುತ್ತೇನೆ ಎಂದು ಹೇಳಿಕಳಿಸಿದ.

ಅವಳು ನನ್ನನ್ನು ಬರಲೇಬೇಕೆಂದಳು. ಹೂತ ಹೆಣ ತೆಗೆಯುವಾಗ ತಹಶೀಲ್ದಾರರು ಎದುರಿಗಿರಬೇಕು, ಅವರಿದ್ದರು. ಸರ್ಕಾರಿ ಆಸ್ಪತ್ರೆಯ ಡಾಕ್ಟರು, ಪಂಚರು, ಅಗೆಯುವ ಇಬ್ಬರು ಆಳುಗಳು ಇದ್ದರು. ಪೊಲೀಸರ ವ್ಯಾನು ನಮ್ಮನ್ನು ಹೆದ್ದಾರಿಯಿಂದ ಯಾವುದಾದರೂ ಗುಡ್ಡದ ಕಡೆ ಕರೆದೊಯ್ಯುತ್ತದೆ ಎಂದುಕೊಂಡಿದ್ದೆ. ವ್ಯಾನು ಹೋಗಿ ಅದೇ ಹೊಲದ ಬದುವಿನಲ್ಲಿ ನಿಂತಿತು.

ಅವನು ಇಳಿದ. ತಲೆ ಪೂರಾ ಬೆಳ್ಳಗಾಗಿತ್ತು. ಬದುವಿನ ಜಾಲಿಮರ ನೋಡಿಕೊಂಡು ನಡೆದು ಹೋಗಿ ಒಂದು ಕಡೆ ನಿಂತು ಕಾಲಲ್ಲಿ ನೆಲ ಮುಟ್ಟಿದ. "ಇಲ್ಲೇ."

"ಇಲ್ಲಿ ಮಂದೆ ನಿಂತಿತ್ತಲ್ಲಯ್ಯ!" ಎಂದೆ ನಾನು.

"ಅದ್ಕೇ ಸಾ. ಕುರಿ ಎಬ್ಬಿಸಿ, ಅವು ಮಲಗಿದ್ದ ಜಾಗದಾಗೇ ಅಗದ್ವಿ. ಮುಚ್ಚಿ ಮ್ಯಾಲೆ ಮತ್ತೆ ಕುರಿ ಓಡಾಡ್ಸಿದ್ವಿ. ಕುರಿ ತುಳಿದ ನೆಲ ಯಾರು ನೋಡ್ತಾರೆ? ಹುಡುಗ ಕಾಣದಿದ್ರೆ ಅವನೇ ಅಪ್ಪನ್ನ ಹೊಡ್ದು ಓಡ್ದ ಅಂತಾರೆ ಅಂದ್ಕಂಡ್ವಿ." ಯಾವುದೋ ಕೆಲಸ ಹೇಗೆ ಮಾಡಿದೆವು ಎಂದು ಹೇಳುವವನಂತೆ ಹೇಳಿದ. ಕುರಿ ಕಾದವನ ಬುದ್ಧಿ ಅದು. ನಡುಹೊಲದಲ್ಲಿ ಕೂತುಬಿಟ್ಟ ಆ ನಾಯಿಯನ್ನು ನಾವೆಲ್ಲ ಬೈದಿದ್ದೆವು.

ಆಗ ಅವಳ ಜೊತೆ ಬಂದಿದ್ದ ಮೈದುನ ಒಂದು ಮಾತು ಹೇಳಿದ. "ವರ್ಷ ವರ್ಷಾನೂ ಇಲ್ಲೇ ತರುಬಿದ್ವಲ್ಲ ಸಾರ್. ಅತ್ತಿಗೆ ಇಲ್ಲೇ ಮಂದೆ ಮಗ್ಗುಲಾಗೆ ಮಲಗ್ತಿದ್ಲು."

ಕೊಲೆಯಾದ ಮೇಲೂ ಹೊಲದ ಯಜಮಾನ ಪ್ರತಿ ವರ್ಷ ಅವರನ್ನೇ ಕರೆಯುತ್ತಿದ್ದ. ಬೇರೆ ಯಾರೂ ಕರೆಯುತ್ತಿರಲಿಲ್ಲವಾದ್ದರಿಂದ ಅವರೂ ಬರುತ್ತಿದ್ದರು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎಂದು ನಾವು ಎಷ್ಟು ಸಲೀಸಾಗಿ ಗಾದೆ ಹೇಳುತ್ತೇವೆ! ಬಳ್ಳಾರಿಯ ಜೈಲಿನ ಬಾಗಿಲು ಕಾದು ಬಂದವಳು ಇಲ್ಲಿ ಬಂದು ಮಗನ ಮೇಲೇ ತಲೆಯಿಟ್ಟು ಮಲಗಿದ್ದಳು.

ಎದೆಮಟ್ಟ ಅಗೆಯುವಷ್ಟರಲ್ಲಿ ಮೂಳೆ ಕಂಡವು. ಆಳುಗಳು ಗುದ್ದಲಿ ಬಿಟ್ಟು ಕೈಯಲ್ಲಿ ಮಣ್ಣು ಸರಿಸಿದರು. ಸೊಂಟದ ಬಳಿ ಕಪ್ಪಾದ ಬೆಳ್ಳಿಯ ಉಡಿದಾರ ಸಿಕ್ಕಿತು. ತಲೆಬುರುಡೆ ಹಿಂದುಗಡೆ ಒಡೆದಿತ್ತು. ಡಾಕ್ಟರು ಅದನ್ನು ತೋರಿಸಿ ಬರೆಸಿದರು. ಅವಳು ಉಡಿದಾರ ಕೈಗೆ ತೆಗೆದುಕೊಂಡು, ಮುಂದೆ ಇವನ ಮದುವೆಗೂ ಆಗಲಿ ಎಂದು ಮಾಡಿಸಿದ್ದು ಎಂದಳು. ಅಳಲಿಲ್ಲ. ಮೈದುನ ಗುಂಡಿಯ ಅಂಚಿನಲ್ಲಿ ಬೋರಲು ಬಿದ್ದು, "ತಪ್ಪಾತು ಮಗಾ, ತಪ್ಪಾತು" ಎಂದು ನೆಲಕ್ಕೆ ಹಣೆ ಚಚ್ಚಿಕೊಳ್ಳುತ್ತಿದ್ದ.

ಅಷ್ಟರಲ್ಲಿ ಡ್ರೈವರ್ ಪೊಲೀಸರ ನಡುವಿನಿಂದಲೇ ಕೇಳಿದ. "ಅಕ್ಕಾ, ತೋರಿಸಿದ್ನಲ್ಲ. ಇನ್ನು ತಕರಾರಿಲ್ಲ ಅಂತ ಹೇಳು."

ಅವಳು ನೇರವಾಗಿ ನನ್ನ ಬಳಿ ಬಂದಳು.

"ಸಾಮಿ, ನನ್ ಮಗ ಸಿಕ್ಕ. ಇನ್ನು ಇವನ್ನ ಗಲ್ಲಿಗೆ ಹಾಕ್ಸಿ."

ಅಷ್ಟೂ ವರ್ಷ ಅವಳು ಇದಕ್ಕೇ ಕಾದಿದ್ದಳು. ನಾನು ಮಾತ್ರ ಅವಳ ಸಿಟ್ಟು ಸವೆದಿದೆ ಎಂದುಕೊಂಡಿದ್ದೆ. ತಡವರಿಸುತ್ತ, ಒಂದು ಸಲ ಜೀವಾವಧಿ ಆದ ಮೇಲೆ ಅದೇ ಕೊನೆ, ಅಪೀಲೂ ಮುಗಿದಿದೆ, ಈಗ ಯಾರಿಂದಲೂ ಗಲ್ಲಿಗೆ ಹಾಕಿಸಲು ಬರುವುದಿಲ್ಲ ಎಂದೆ. ಬಿಡಬೇಡಿ ಎಂದು ತಕರಾರು ಬರೆದುಕೊಡಬಹುದು, ನಾನೇ ಬರೆಯುತ್ತೇನೆ, ಆದರೂ ಸರ್ಕಾರ ಬಿಟ್ಟರೆ ಬಿಟ್ಟಿತು ಎಂದೆ.

ಅವಳು ಕೇಳಿಸಿಕೊಂಡಳು. ಅವನೂ ಕೇಳಿಸಿಕೊಂಡ. ಅವನ ಮುಖದಲ್ಲಿ ನಿರಾಳ ಕಂಡಿತು.

"ಹಂಗಾದ್ರೆ ಸಾಮಿ, ಅವತ್ತು ನಾನು ನಿಮ್ತಾವ ಬರ್ದೇ ಇದ್ದಿದ್ರೆ ಇವನ್ನ ನೇಣಿಗೆ ಹಾಕ್ತಿದ್ರಾ?"

ಹೌದು ಎಂದರೆ ಮಗನನ್ನು ಕೊಂದವನನ್ನು ಅವಳೇ ಉಳಿಸಿದ ಹಾಗೆ. ಇಲ್ಲ ಎಂದರೆ ಅವಳು ಹಟ್ಟಿಯನ್ನು ಎದುರು ಹಾಕಿಕೊಂಡು ಬೇಡಿದ್ದು ಬರೀ ನೀರಿನಲ್ಲಿ ಹೋಮ. "ಗೊತ್ತಿಲ್ಲ ತಾಯಿ" ಎಂದೆ. ನಿಜವಾಗಿಯೂ ನನಗೆ ಗೊತ್ತಿರಲಿಲ್ಲ, ಇವತ್ತಿಗೂ ಗೊತ್ತಿಲ್ಲ.

ಅವಳು ಸೆರಗನ್ನು ಸೊಂಟಕ್ಕೆ ಬಿಗಿದು ಗುಂಡಿಗೆ ಇಳಿದಳು. ಮೂಳೆಗಳನ್ನು ಬಟ್ಟೆಗೆ ಎತ್ತಲು ಬಗ್ಗಿದ್ದ ಆಳಿಗೆ, "ನೀನು ಕಾಲ ಕಡೆ ಹೋಗಪ್ಪ, ತಲೆ ಕಡೆ ನಾನು ಹಿಡ್ಕಂತೀನಿ" ಎಂದಳು.